ರಕ್ತಕ್ಕೆ ಇಳಿಯುವ ಸೂಜಿಗಲ್ಲು

ಭದ್ರಾವತಿಯವರಿಗೆ ಕಬ್ಬಿಣದ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. 1923ರಲ್ಲಿ ಆರಂಭವಾದ ಅಲ್ಲಿನ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ದಶಕಗಳ ಕಾಲ ಬರುತ್ತಿತ್ತು. ಆದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆಗುವ ಮ್ಯಾಗ್ನಟೈಟ್ ಅನ್ನು, ಅಂದರೆ ಹಿರಿಯರು ಸೂಜಿಗಲ್ಲು ಎನ್ನುತ್ತಿದ್ದ ವಸ್ತುವನ್ನು, ರಕ್ತನಾಳದೊಳಕ್ಕೇ ಬಿಡುತ್ತಾರೆ ಎಂದರೆ ನೀವು ಹೌಹಾರಬಹುದು.

ಕಲ್ಲನ್ನು ಅರೆದು ಚುಚ್ಚುವುದಿಲ್ಲ, ಗಾಬರಿ ಬೇಡ. ಪ್ರಯೋಗಾಲಯದಲ್ಲಿ ಕಬ್ಬಿಣದ ಲವಣಗಳಿಂದ ತಯಾರಿಸುವ ಈ ಕಣಗಳಿಗೆ ನ್ಯಾನೊ ಕಣ ಎಂದು ಹೆಸರು. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಹತ್ತು ನ್ಯಾನೊಮೀಟರ್ ಗಾತ್ರದ ಸುಮಾರು 700 ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಕೆಂಪು ರಕ್ತಕಣದ ಅಗಲವಾಗುತ್ತದೆ. ಇಷ್ಟು ಸಣ್ಣದಾದಾಗ ಅವುಗಳ ಗುಣವೇ ಬದಲಾಗುತ್ತದೆ. ಹೊರಗೆ ಅಯಸ್ಕಾಂತ ಹಿಡಿದಾಗ ಮಾತ್ರ ಅವು ಅಯಸ್ಕಾಂತವಾಗುತ್ತವೆ, ತೆಗೆದೊಡನೆ ಮೊದಲಿನಂತಾಗುತ್ತವೆ. ಒಂದಕ್ಕೊಂದು ಅಂಟಿ ಗಂಟಾಗದಂತೆ ಸಕ್ಕರೆ ಜಾತಿಯ ಪದಾರ್ಥದ ಲೇಪನವೂ ಇರುತ್ತದೆ. ಕೆಲಸ ಮುಗಿದ ಮೇಲೆ ಪಿತ್ತಜನಕಾಂಗ, ಗುಲ್ಮಗಳ ಜೀವಕೋಶಗಳು ಅವನ್ನು ನುಂಗಿ ಕರಗಿಸುತ್ತವೆ. ಕಬ್ಬಿಣ ದೇಹದ ದಾಸ್ತಾನಿಗೆ ಸೇರುತ್ತದೆ.

ಭದ್ರಾವತಿಗೆ ಹತ್ತಿರದ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲೂ ಈ ಕುಟುಂಬಕ್ಕೆ ಸೇರಿದ ಫೆರೈಟ್ ಎಂಬ ಕಣಗಳ ಸಂಶೋಧನೆ ನಡೆದಿದೆ.

ಉಪಯೋಗವೇನು? ಪಿತ್ತಜನಕಾಂಗದ ಆರೋಗ್ಯವಂತ ಭಾಗ ಈ ಕಣಗಳನ್ನು ಹೀರಿಕೊಂಡು ಎಂ.ಆರ್.ಐ. ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಗೆಡ್ಡೆ ಹೀರಿಕೊಳ್ಳದೆ ಬೆಳ್ಳಗೆ ಉಳಿಯುತ್ತದೆ. ಇಂಥ ಔಷಧಿಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಮುಂದೆ ಅದರ ತಯಾರಿಕೆ ನಿಂತಿತು. ಗೆಡ್ಡೆಯೊಳಗೆ ಕಣಗಳನ್ನು ತುಂಬಿ, ದಿಕ್ಕು ಬದಲಿಸುತ್ತಿರುವ ಕಾಂತಕ್ಷೇತ್ರದಿಂದ ಕಾಯಿಸಿ ಕ್ಯಾನ್ಸರ್ ಕೋಶಗಳನ್ನು ಬಾಡಿಸುವ ವಿಧಾನಕ್ಕೆ ಯೂರೋಪಿನಲ್ಲಿ 2010ರಲ್ಲಿ ಅನುಮತಿ ದೊರೆಯಿತು. ಅದೂ ಮೆದುಳಿನ ಒಂದು ಬಗೆಯ ಗೆಡ್ಡೆಗೆ, ವಿಕಿರಣ ಚಿಕಿತ್ಸೆಯ ಜೊತೆಗೆ. ನಿಮ್ಮ ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರೆ ಇದನ್ನು ಓದಿ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ. ಇದು ಎಲ್ಲೆಡೆ ಸಿಗುವ ಚಿಕಿತ್ಸೆಯಲ್ಲ.

ನಿಮಗೆ ನಿಜಕ್ಕೂ ಎದುರಾಗುವುದು ರಕ್ತಹೀನತೆಯ ಔಷಧಿ. ಮಾತ್ರೆ ನುಂಗಿದರೂ ರಕ್ತ ಏರದ ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಕಳೆದ ಮೇಲೆ ಡ್ರಿಪ್‌ನಲ್ಲಿ ಹಾಕುವ ಕಂದು ಬಣ್ಣದ ಐರನ್ ಸುಕ್ರೋಸ್ ಕೂಡ ಸಕ್ಕರೆ ಲೇಪಿತ ಕಬ್ಬಿಣದ ಅತಿ ಸಣ್ಣ ಕಣಗಳೇ. ಅದು ಸೂಜಿಗಲ್ಲಿನಷ್ಟು ಕಾಂತಶಕ್ತಿಯದ್ದಲ್ಲ, ಅಷ್ಟೇ. ಮ್ಯಾಗ್ನಟೈಟ್ ಜಾತಿಯದೇ ಆದ ಫೆರುಮಾಕ್ಸಿಟಾಲ್‌ಗೆ ಅಮೆರಿಕ 2009ರಲ್ಲಿ ಮೂತ್ರಪಿಂಡ ರೋಗಿಗಳ ರಕ್ತಹೀನತೆಗಾಗಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಪ್ರಾಣಾಪಾಯ ತರಬಲ್ಲ ಅಲರ್ಜಿಯ ಕುರಿತು ಕಟ್ಟುನಿಟ್ಟಿನ ಎಚ್ಚರಿಕೆಯನ್ನೂ ಸೇರಿಸಿತು. ಆದ್ದರಿಂದ ಯಾವುದೇ ಕಬ್ಬಿಣದ ಚುಚ್ಚುಮದ್ದನ್ನು ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ, ಬಸ್ಸು ತಪ್ಪಿದರೂ ಚಿಂತೆಯಿಲ್ಲ. ಮೈ ತುರಿಕೆ, ಉಬ್ಬಸ, ತಲೆಸುತ್ತು ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಿ.

ಅಂದಹಾಗೆ, ಕೈಗೆ ಕಟ್ಟುವ ಅಯಸ್ಕಾಂತದ ಪಟ್ಟಿಗೂ ಈ ವಿಜ್ಞಾನಕ್ಕೂ ಸಂಬಂಧವಿಲ್ಲ. ರಕ್ತದಲ್ಲಿರುವ ಕಬ್ಬಿಣ ಮೊಳೆಯಂತೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆ ದುಡ್ಡಿಗೆ ಸೊಪ್ಪು, ಕಾಳು ತನ್ನಿ.

ಫೆರುಮಾಕ್ಸಿಟಾಲ್ ಪಡೆದವರ ಎಂ.ಆರ್.ಐ. ಚಿತ್ರ ಮೂರು ತಿಂಗಳವರೆಗೂ ಬದಲಾಗಿ ಕಾಣಬಹುದು. ಬೆಂಗಳೂರಿನಲ್ಲೋ ವಿದೇಶದಲ್ಲೋ ಕಬ್ಬಿಣದ ಚುಚ್ಚುಮದ್ದು ಪಡೆದು ಬಂದು ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸುವವರು ಔಷಧಿಯ ಹೆಸರು, ಹಾಕಿಸಿಕೊಂಡ ದಿನಾಂಕ ಇರುವ ಚೀಟಿಯನ್ನು ಮರೆಯದೆ ತೋರಿಸಬೇಕು.