ಇಳಿಯುವಾಗ ಫ್ಲ್ಯಾಪ್ ಸಿಕ್ಕಿಬಿದ್ದರೆ: ಗಡಿನಾಡಿನ ಪ್ರಯಾಣಿಕರಿಗೊಂದು ವಿವರಣೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಿಂದ ಕನ್ನಡ ಬಂಧುಗಳು ಸೇರಿಕೊಂಡಿದ್ದಾರೆ. ನಮ್ಮ ಕಡೆಯವರಿಗೆ ವಿಮಾನ ಅಂದ್ರೆ ಶಂಷಾಬಾದೇ. ಕೆಲವು ವರ್ಷಗಳ ಹಿಂದೆ ಬೆಂಗಳೂರಿಂದ ಅಲ್ಲಿಗೆ ಬರುವಾಗ, ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ವಿಮಾನ ಮತ್ತೆ ಮೇಲೇರಿತು. ರೆಕ್ಕೆಯ ಫ್ಲ್ಯಾಪ್‌ನಲ್ಲಿ ದೋಷ, ಸ್ವಲ್ಪ ಹೊತ್ತು ಸುತ್ತು ಹಾಕ್ತೇವೆ ಅಂತ ಪ್ರಕಟಣೆ ಬಂತು. ಪಕ್ಕದಲ್ಲಿದ್ದ ನಾರಾಯಣಖೇಡದ ಒಬ್ಬ ಆಯಿ ನನ್ನ ಕೈ ಹಿಡಿದು, "ತಮ್ಮಾ, ನೆಲ ಕಾಣಲಕತ್ತದ, ಯಾಕ ಇಳಸವಲ್ರು?" ಅಂದರು. ನಾನು ವಿಮಾನಶಾಸ್ತ್ರದ ಪಾಠ ಹೇಳುವವನು. ಆದ್ರೂ ಆ ಗಳಿಗೆಯಲ್ಲಿ ಕನ್ನಡದಲ್ಲಿ ನೆಟ್ಟಗಿನ ಉತ್ತರ ಬಾಯಿಗೆ ಬರಲಿಲ್ಲ. ಇವತ್ತಿನ ಪ್ರಬಂಧ ಆ ಉತ್ತರವೇ.

ಫ್ಲ್ಯಾಪ್ ಅಂದ್ರೆ ರೆಕ್ಕೆಯ ಹಿಂಬದಿಯಿಂದ ಹೊರಚಾಚಿ ಕೆಳಗೆ ಬಾಗುವ ಹಲಗೆ. ಅದು ಚಾಚಿದಾಗ ರೆಕ್ಕೆಯ ಬಾಗು ಹೆಚ್ಚಿ, ನಿಧಾನ ವೇಗದಲ್ಲೂ ವಿಮಾನವನ್ನು ಗಾಳಿ ಎತ್ತಿ ಹಿಡಿಯುತ್ತದೆ. ಅದು ಬಾರದಿದ್ದರೆ ವೇಗ ಇಳಿಸೋ ಹಾಗಿಲ್ಲ, ಇಳಿಸಿದರೆ ರೆಕ್ಕೆ ಹಿಡಿತ ಬಿಡುತ್ತದೆ. ಉದಾಹರಣೆಗೆ ಗಂಟೆಗೆ 260 ಕಿ.ಮೀ. ವೇಗದಲ್ಲಿ ಇಳಿಯಬೇಕಾದ್ದು 330ರಲ್ಲಿ ಇಳಿಯಿತು ಅನ್ನಿ. ವೇಗ ಹೆಚ್ಚಿದ್ದು ಕಾಲು ಭಾಗದಷ್ಟು, ಆದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಶೇ. 60ರಷ್ಟು ಹೆಚ್ಚಾಯಿತು, ಯಾಕಂದ್ರೆ ಶಕ್ತಿ ಬೆಳೆಯೋದು ವೇಗದ ವರ್ಗಕ್ಕೆ ತಕ್ಕಂತೆ. ಕಬ್ಬು ಹೇರಿದ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಕೆಟ್ಟದ್ದು ಒಂದು ಬದಿಯದು ಚಾಚಿ ಇನ್ನೊಂದು ಬದಿಯದು ನಿಲ್ಲುವುದು. ಆಗ ವಿಮಾನ ಮಗ್ಗುಲಾಗಬಹುದು. ಅದಕ್ಕೇ ವ್ಯತ್ಯಾಸ ಕಂಡೊಡನೆ ಯಂತ್ರ ತಾನೇ ಫ್ಲ್ಯಾಪನ್ನು ಇದ್ದಲ್ಲೇ ಬಿಗಿಯುವ ಏರ್ಪಾಟಿದೆ. ಪೈಲಟ್ ಹಿಡಿಕೆಯನ್ನು ಮೇಲೆ ಕೆಳಗೆ ಎಳೆದಾಡಿ ಪರೀಕ್ಷೆ ಮಾಡೋದಿಲ್ಲ.

ಸುತ್ತು ಹಾಕುವ ಹೊತ್ತಿನಲ್ಲಿ ಒಬ್ಬರು ವಿಮಾನ ಹಾರಿಸುತ್ತಾರೆ, ಇನ್ನೊಬ್ಬರು ದೋಷಪಟ್ಟಿ ಓದುತ್ತಾರೆ. ಹೊಸ ವೇಗ ಎಷ್ಟು, ರನ್‌ವೇ ಎಷ್ಟು ಬೇಕು, ಗಾಳಿ ಎತ್ತಣಿಂದ? ಇಂಧನದ ಲೆಕ್ಕವೂ ಬದಲಾಗ್ತದೆ: ಅರ್ಧ ಚಾಚಿ ಸಿಕ್ಕಿಕೊಂಡಿದ್ದರೆ ಗಾಳಿಯ ಎಳೆತ ಹೆಚ್ಚು, ದೂರದ ಊರಿಗೆ ಹೋಗೋದು ಕಷ್ಟ.

ತಾಂಡೂರಿನಿಂದ ಪ್ರಶ್ನೆ ಬಂದಿದೆ: "ಹತ್ತಿರದ ಬೀದರಿನಾಗ ಇಳಿಸಿದ್ರ ಆಗಲ್ಲೇನ್ರಿ?" ಹತ್ತಿರಕ್ಕಿಂತ ಉದ್ದ ಮುಖ್ಯರೀ. ಶಂಷಾಬಾದಿನ ಮುಖ್ಯ ರನ್‌ವೇ 4,260 ಮೀಟರ್; ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನದು 2,450. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡರು. ಅಲ್ಲಿ ಫ್ಲ್ಯಾಪ್ ಕೆಟ್ಟಿರಲಿಲ್ಲ, ವಿಮಾನ ಅರ್ಧಕ್ಕಿಂತ ಹೆಚ್ಚು ರನ್‌ವೇ ದಾಟಿ ನೆಲ ಮುಟ್ಟಿತ್ತು. ಉಳಿದ ಉದ್ದ ಸಾಲಲಿಲ್ಲ. ಫ್ಲ್ಯಾಪ್ ಇಲ್ಲದೆ ಇಳಿಯುವವರು ಅದಕ್ಕೇ ಮೆತ್ತಗೆ ಇಳಿಸುವ ಆಸೆ ಬಿಟ್ಟು, ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಚಕ್ರ ಊರುತ್ತಾರೆ. ಮೂತಿ ಹೆಚ್ಚು ಎತ್ತಿದರೆ ಬಾಲ ನೆಲಕ್ಕೆ ಬಡಿಯುವ ಭಯವೂ ಇದೆ.

ನಮ್ಮ ವಿಮಾನವೂ ಧಡ್ ಅಂತ ಕೂತಿತು. ಬಹಳ ದೂರ ಓಡಿ ನಿಂತಾಗ ಬ್ರೇಕಿನ ಕಾವು ನೋಡಲಿಕ್ಕೆ ಅಗ್ನಿಶಾಮಕ ಗಾಡಿಗಳು ಸುತ್ತುವರಿದವು. ಆಯಿ ಕಿಟಕಿಯಿಂದ ಅವನ್ನ ಕಂಡು ಮತ್ತೆ ನನ್ನ ಕೈ ಹಿಡಿದರು. ಅದನ್ನೂ ಆಗ ನಾನು ವಿವರಿಸಲಿಲ್ಲ.