ಹುಳಿ ಮಣ್ಣು, ಸುಣ್ಣ ಮತ್ತು ಕಂಗಿನ ಜೀವ

ಕಂಗಿನ ಮರವಾಗಲಿ, ಹಟ್ಟಿಯ ಹಸುವಾಗಲಿ, ನಾವೇ ಆಗಲಿ, ಜೀವವಿರುವ ಶರೀರವೆಲ್ಲ ಮುಖ್ಯವಾಗಿ ಆರು ಮೂಲವಸ್ತುಗಳಿಂದ ಆದದ್ದು: ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ, ರಂಜಕ, ಗಂಧಕ. ಪೊಟ್ಯಾಷ್, ಸುಣ್ಣ ಮೊದಲಾದುವು ಇವಕ್ಕೆ ಜೊತೆಗಾರರು. ಇವು ಎಲ್ಲಿಂದ ಬರುತ್ತವೆ, ನಮ್ಮ ಕಾಸರಗೋಡು ಸೀಮೆಯ ಮಣ್ಣಿನಲ್ಲಿ ಎಲ್ಲಿ ತಡೆಯುತ್ತವೆ ಎಂಬುದನ್ನು ತಿಳಿದುಕೊಂಡರೆ ಗೊಬ್ಬರದ ಹಣ ವ್ಯರ್ಥವಾಗದು.

ಗಾಳಿಯಿಂದ ಬರುವುದು

ಒಣಗಿದ ಸೋಗೆಯ ಹೊರೆಯನ್ನು ಸುಟ್ಟರೆ ಉಳಿಯುವುದು ಹಿಡಿ ಬೂದಿ. ಮಿಕ್ಕದ್ದೆಲ್ಲ ಗಾಳಿಗೆ ಹೋಯಿತು. ಏಕೆಂದರೆ ಅದು ಗಾಳಿ ಮತ್ತು ನೀರಿನಿಂದಲೇ ಬಂದದ್ದು. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಇಂಗಾಲಾಮ್ಲ ವಾಯು ಇರುವುದು ಸುಮಾರು 4 ಪಾಲು ಮಾತ್ರ. ಎಲೆಯ ಹಸುರು ಬಿಸಿಲಿನ ಬಲದಿಂದ ಅದನ್ನು ನೀರಿನೊಡನೆ ಕೂಡಿಸಿ ಸಕ್ಕರೆ ಮಾಡುತ್ತದೆ. ಕಾಂಡ, ಸೋಗೆ, ಅಡಿಕೆ ಎಲ್ಲವೂ ಆ ಸಕ್ಕರೆಯಿಂದಲೇ ಬೆಳೆಯುವುವು. ಇದಕ್ಕೆ ನಾವು ಕಾಸು ಕೊಡಬೇಕಾಗಿಲ್ಲ.

ಸಾರಜನಕದ ಸಂಗತಿ ಬೇರೆ. ಗಾಳಿಯ ಐದರಲ್ಲಿ ನಾಲ್ಕು ಪಾಲು ಅದೇ. ಆದರೆ ಅದರ ಕಣಗಳು ಎರಡೆರಡಾಗಿ ಬಿಗಿದುಕೊಂಡಿರುವುದರಿಂದ ಮರಕ್ಕೆ ದಕ್ಕದು. ಅಲಸಂಡೆ, ಹುರುಳಿಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಆ ಬಿಗಿಯನ್ನು ಬಿಡಿಸಬಲ್ಲವು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಮಣ್ಣಿನಲ್ಲಿ ಸಿಕ್ಕಿಬೀಳುವುದು

ನಮ್ಮ ಗುಡ್ಡೆಗಳದ್ದು ಮುರಕಲ್ಲು. 1807ರಲ್ಲಿ ಪ್ರಕಟವಾದ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್, ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದು ಸುಣ್ಣ, ಪೊಟ್ಯಾಷುಗಳನ್ನು ತೊಳೆದೊಯ್ಯುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಮಣ್ಣು ಹುಳಿಯಾಗುತ್ತದೆ.

ಈ ಹುಳಿಯನ್ನು ಅಳೆಯುವ ಅಂಕೆಯೇ ಪಿ.ಎಚ್. 7 ಎಂದರೆ ಸಮ. ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು; 5ಕ್ಕೆ ಇಳಿದರೆ ನೂರು ಪಟ್ಟು. ಸುಮಾರು 5.5ಕ್ಕಿಂತ ಕೆಳಗೆ ಅಲ್ಯುಮಿನಿಯಂ ಕರಗಿ ಎಳೆಬೇರಿನ ತುದಿಯನ್ನು ಕೆಡಿಸುತ್ತದೆ. ಜೀವಕೋಶದಲ್ಲಿ ಶಕ್ತಿಯನ್ನು ಸಾಗಿಸಲು ಬೇಕಾದ ರಂಜಕವನ್ನು ಕಬ್ಬಿಣ, ಅಲ್ಯುಮಿನಿಯಂಗಳು ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಬುಡದಲ್ಲೇ ಇದ್ದರೂ ಮರಕ್ಕೆ ಉಪವಾಸ.

ಮಾಡತಕ್ಕದ್ದೇನು?

ಈ ಹುಳಿಗೆ ಮದ್ದು ಸುಣ್ಣ. ಪರೀಕ್ಷೆಯಲ್ಲಿ ಹುಳಿ ಹೆಚ್ಚೆಂದು ಕಂಡರೆ ಎರಡು ಮೂರು ವರ್ಷಕ್ಕೊಮ್ಮೆ ಕಂಗೊಂದಕ್ಕೆ ಅರ್ಧ ಕಿಲೋ ಸುಣ್ಣವನ್ನು ಎಪ್ರಿಲ್–ಮೇ ತಿಂಗಳ ಮಳೆಯ ಹದ ನೋಡಿ ಬುಡದ ಸುತ್ತ ಹರಡಿ ಮಣ್ಣಿಗೆ ಸೇರಿಸಬೇಕು. ಯೂರಿಯಾ, ಹಟ್ಟಿಗೊಬ್ಬರಗಳನ್ನು ಸುಣ್ಣದ ಜೊತೆ ಎಂದೂ ಹಾಕಬಾರದು. ಸಾರಜನಕವು ಅಮೋನಿಯವಾಗಿ ಹಾರಿಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡತಕ್ಕದ್ದು.

ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಂಸ್ಥೆಯ ಶಿಫಾರಸಿನಂತೆ, ಫಲ ಕೊಡುವ ಕಂಗೊಂದಕ್ಕೆ ವರ್ಷಕ್ಕೆ ಬೇಕಾದದ್ದು ಸಾರಜನಕ 100 ಗ್ರಾಂ, ರಂಜಕಾಂಶ 40 ಗ್ರಾಂ, ಪೊಟ್ಯಾಷ್ 140 ಗ್ರಾಂ. ಜೊತೆಗೆ ಹಸುರು ಸೊಪ್ಪು 12 ಕಿಲೋ, ಕಾಂಪೋಸ್ಟ್ 12 ಕಿಲೋ. ಇವು ಸತ್ವದ ತೂಕ, ಚೀಲದ ಗೊಬ್ಬರದ ತೂಕವಲ್ಲ. 100 ಗ್ರಾಂ ಸಾರಜನಕಕ್ಕೆ ಯೂರಿಯಾ ಸುಮಾರು 220 ಗ್ರಾಂ ಬೇಕು. ಇದನ್ನು ಒಂದೇ ಸಲ ಸುರಿಯದೆ ಕಂತಾಗಿ ಕೊಡಬೇಕು. ಜಡಿಮಳೆಯಲ್ಲಿ ಹಾಕಿದ್ದು ಹೊಳೆಯ ಪಾಲು.

ಮೊದಲು ತೋಟದ ನಾಲ್ಕಾರು ಕಡೆಯ ಮಣ್ಣನ್ನು ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕೊಡಿರಿ. ವಿವರವನ್ನು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಕೇಳಬಹುದು. ಫಲಿತಾಂಶದ ಚೀಟಿ ಮಲಯಾಳದಲ್ಲಿದ್ದರೂ ಇಂಗ್ಲಿಷಿನಲ್ಲಿದ್ದರೂ ಅಂಕೆಗಳಿಗೆ ಭಾಷೆಯ ತೊಡಕಿಲ್ಲ. ಪಿ.ಎಚ್. ಸಾಲನ್ನು ತೋರಿಸಿಕೊಂಡು, ಅದು 5.5ಕ್ಕಿಂತ ಕೆಳಗಿದ್ದರೆ ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಸುಣ್ಣದ ವಿಚಾರ ಮಾಡಿರಿ. ಬಿದ್ದ ಸೋಗೆ, ಹಾಳೆಗಳನ್ನು ಸುಡದೆ ಬುಡಕ್ಕೇ ಹಾಕಿರಿ. ಮಣ್ಣಿನಿಂದ ತೆಗೆದುಕೊಂಡದ್ದನ್ನು ಮಣ್ಣಿಗೆ ಮರಳಿಸಿದಲ್ಲಿ ಮಾತ್ರ ತೋಟ ಮಕ್ಕಳ ಕಾಲಕ್ಕೂ ಉಳಿಯುವುದು.