ವೈದ್ಯವಿದ್ಯೆಯ ಹೊಸ್ತಿಲಲ್ಲಿ

ಅಮೇರಿಕೆಯಲ್ಲಿ ವೈದ್ಯರಾಗಲಿಚ್ಛಿಸುವ ತರುಣ ತರುಣಿಯರು ಮೊದಲು ನಾಲ್ಕು ವರುಷ ಸಾಮಾನ್ಯ ಕಾಲೇಜಿನಲ್ಲಿ ವ್ಯಾಸಂಗಮಾಡುವುದು ರೂಢಿ. ನಮ್ಮಲ್ಲಿಯಂತೆ ಪಿ.ಯು.ಸಿ. ಮುಗಿದೊಡನೆ ನೀಟ್ ಪರೀಕ್ಷೆಯ ಮೂಲಕ ವೈದ್ಯಕಾಲೇಜನ್ನು ಸೇರುವ ಪದ್ಧತಿ ಅಲ್ಲಿ ಸಾಧಾರಣವಲ್ಲ. ಅಲ್ಲಿ ನೆಲಸಿದ ಕನ್ನಡಿಗರ ಮಕ್ಕಳಿಗೂ ಇದೇ ದಾರಿ. ಆ ನಾಲ್ಕು ವರುಷಗಳನ್ನು ಕೇವಲ ಅಂಕಗಳ ಬೇಟೆಯಲ್ಲಿ ಕಳೆಯುವುದು ಈ ಏರ್ಪಾಡಿನ ಉದ್ದೇಶವನ್ನೇ ಮರೆತಂತೆ.

1893ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯು ಪ್ರವೇಶಕ್ಕೆ ಪದವಿಯನ್ನೇ ವಿಧಿಸಿತು. ಅಬ್ರಹಾಂ ಫ್ಲೆಕ್ಸ್‌ನರ್ ಮಹಾಶಯರು 155 ವೈದ್ಯಶಾಲೆಗಳನ್ನು ಪರಿಶೀಲಿಸಿ, ಭೌತ, ರಸಾಯನ, ಜೀವಶಾಸ್ತ್ರಗಳ ತಳಹದಿಯಿಲ್ಲದ ವೈದ್ಯಶಿಕ್ಷಣವು ಸಲ್ಲದೆಂದು 1910ರ ವರದಿಯಲ್ಲಿ ವಾದಿಸಿದರು. ಆ ಶಾಸ್ತ್ರಗಳಿಗೆ ಇಂದಿಗೂ ಅಗ್ರಸ್ಥಾನವುಂಟು. ಆದರೆ ಪದವಿಯ ಮುಖ್ಯ ವಿಷಯವು ಇಂಥದೇ ಆಗಬೇಕೆಂಬ ನಿರ್ಬಂಧವಿಲ್ಲ. ಇತಿಹಾಸವನ್ನೋ ಸಂಗೀತವನ್ನೋ ಓದಿದವರೂ ಅಗತ್ಯವಾದ ವಿಜ್ಞಾನವನ್ನು ಕಲಿತು ವೈದ್ಯರಾಗಬಹುದು. 2015ರಿಂದ ಎಂಕ್ಯಾಟ್ ಪ್ರವೇಶಪರೀಕ್ಷೆಯಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಸ್ಥಾನ ದೊರೆತಿದೆ. ರೋಗವು ದೇಹದಲ್ಲಿದ್ದರೂ ರೋಗಿಯು ಬಾಳುವುದು ಸಮಾಜದಲ್ಲಿಯಷ್ಟೆ!

ಆದುದರಿಂದ ವಿದ್ಯಾರ್ಥಿಯು ಮೊದಲ ವರುಷದಲ್ಲಿಯೇ ರಸಾಯನಶಾಸ್ತ್ರದ ಅಡಿಪಾಯವನ್ನು ಭದ್ರಪಡಿಸಲಿ. ಅರ್ಥವಾಗದುದನ್ನು ಅಧ್ಯಾಪಕರಲ್ಲಿ ನಾಚದೆ ಕೇಳಲಿ. ಹತ್ತು ಕಡೆ ಇಣುಕುವುದಕ್ಕಿಂತ ಒಂದೇ ಪ್ರಯೋಗಶಾಲೆಯಲ್ಲಿ ನಿಂತು ದುಡಿಯಲಿ. ಆಸ್ಪತ್ರೆಯಲ್ಲಿ ಸೇವೆಯನ್ನೂ ಸಲ್ಲಿಸಲಿ: ಅರ್ಜಿಯ ಅಲಂಕಾರಕ್ಕಾಗಿ ಅಲ್ಲ, ಪರರ ನೋವನ್ನು ಹತ್ತಿರದಿಂದ ಕಂಡು, ಈ ವೃತ್ತಿಯು ತನಗೊಗ್ಗುವುದೇ ಎಂಬುದನ್ನರಿಯಲಿಕ್ಕಾಗಿ.

ಒಗ್ಗದೆಂದು ತಿಳಿದರೆ ಅದೂ ಲಾಭವೇ ಸರಿ. ತಂದೆತಾಯಿಗಳು ಅಂಥ ನಿರ್ಧಾರವನ್ನು ಮನೆತನಕ್ಕೊದಗಿದ ಅಪಮಾನವೆಂದೆಣಿಸಲಾಗದು. ಮನಸ್ಸಿಲ್ಲದೆ ವೈದ್ಯನಾದವನಿಂದ ಕೆಡುವುದು ಅವನ ಬಾಳೊಂದೇ ಅಲ್ಲವೆಂಬುದನ್ನು ಅವರು ನೆನೆಯಲಿ.